ಹಸಿರು ಚುಕ್ಕೆ

ಅಕ್ಕನಿಗೂ ತಮ್ಮನಿಗೂ ಮಾತು ಬಿಟ್ಟು ವರ್ಷ ತುಂಬುತ್ತ ಬಂದಿತ್ತು. ಗಂಡ ಹೋದ ಮೇಲೆ ಒಬ್ಬಳೇ ಇದ್ದ ಅಕ್ಕನನ್ನು ಅವನು ಮನೆಗೆ ಕರೆದಿದ್ದ. "ನಿನ್ನ ಹಂಗಲ್ಲಿರೋಕೆ ನನ್ನಿಂದಾಗಲ್ಲ ಕಣೋ" ಅಂದಿದ್ದಳು. ಅಷ್ಟಕ್ಕೇ ಮುನಿಸು. ಹಟದಲ್ಲಿ ಅವನು ಅವಳಿಗಿಂತ ಒಂದು ಕೈ ಮೇಲು. ಅವಳೇ ಮೊದಲು ಫೋನ್ ಮಾಡಲಿ ಎಂದು ಕೂತ.

ಆದರೆ ಅವನಿಗೊಂದು ಕಳ್ಳಗಿಂಡಿ ಇತ್ತು. ಅವನ ಕಂಪನಿ ಉಲ್ಲನ್ ಹೆಣಿಗೆ ಕಲಿಸುವ ಆ್ಯಪ್ ನಡೆಸುತ್ತಿತ್ತು. ಅಕ್ಕನ ಫೋನಿಗೆ ಅದನ್ನು ಹಾಕಿಕೊಟ್ಟವನೂ ಅವನೇ. ಯಾರು ಯಾವಾಗ ಆ್ಯಪ್ ತೆರೆದರು, ಯಾವಾಗ ಮುಚ್ಚಿದರು ಎಂಬುದೆಲ್ಲ ಅವನ ಸುಪರ್ದಿಯ ಡೇಟಾಬೇಸಿಗೆ ಬಂದು ಬೀಳುತ್ತಿತ್ತು. ತೆರೆದುಕೊಂಡವರ ಹೆಸರಿನ ಮುಂದೆ ಹಸಿರು ಚುಕ್ಕೆ. ಬೆಳಿಗ್ಗೆ ಅಕ್ಕನ ಚುಕ್ಕೆ ಕಂಡರೆ ಸಾಕು, ಕಾಫಿ ರುಚಿಸುತ್ತಿತ್ತು. ಹೀಗೆ ಇಣುಕುವುದು ತಪ್ಪೆಂದು ಗೊತ್ತಿತ್ತು. ಆದರೂ ಆ ದರಿದ್ರ ಮನುಷ್ಯನಿಗೆ ತಾನೇ ಅಕ್ಕನಿಗೊಂದು ಫೋನ್ ಮಾಡುವುದಕ್ಕಿಂತ ಇದೇ ಸುಲಭವಾಗಿತ್ತು.

ಆ ವಾರ ಭಾನುವಾರದಿಂದ ಚುಕ್ಕೆ ಬರಲಿಲ್ಲ. ಬುಧವಾರ ಬೆಳಿಗ್ಗೆ ತಡೆಯಲಾರದೆ, "ಅಕ್ಕನ ಮನೆಗೆ ಹೋಗಿಬರ್ತೀನಿ" ಎಂದು ಚಪ್ಪಲಿ ಮೆಟ್ಟಿದ.

"ಸದ್ಯ, ಬುದ್ಧಿ ಬಂತಲ್ಲ!" ಅಂದಳು ಹೆಂಡತಿ.

ಬಾಗಿಲಲ್ಲಿ ನಿಂತು ತನ್ನ ಫೋನಿನಲ್ಲಿ ಡೇಟಾಬೇಸನ್ನು ಮತ್ತೊಮ್ಮೆ ನೋಡಿದ. ಅಕ್ಕನ ಹೆಸರಿನಡಿ ಸುದ್ದಿಗಳು ಒಂದರ ಹಿಂದೊಂದು ಬಂದು ಬಿದ್ದವು: ತೆರೆದದ್ದು, ಮುಚ್ಚಿದ್ದು, ತೆರೆದದ್ದು. ಆಮೇಲೆ ಮುಚ್ಚಿರಲಿಲ್ಲ. ಹಸಿರು ಚುಕ್ಕೆ ಹೊಳೆಯುತ್ತಿತ್ತು.

ಆರಾಮಾಗಿ ಹೆಣಿತಾ ಕೂತಿದಾಳೆ, ನಾನ್ಯಾಕೆ ಸೋಲಲಿ ಎಂದುಕೊಂಡ. ಚಪ್ಪಲಿ ಬಿಟ್ಟು ಒಳಗೆ ಬಂದ. ಮರುದಿನವೂ ಚುಕ್ಕೆ ಆರಲಿಲ್ಲ. ಏನೋ ದೊಡ್ಡದೇ ಹೆಣೆಯುತ್ತಿದ್ದಾಳೆ ಎಂದು ಒಳಗೊಳಗೇ ನಕ್ಕ.

ಶುಕ್ರವಾರ ಅಕ್ಕನ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ಅವನು ಹೋಗುವಷ್ಟರಲ್ಲಿ ಬಾಗಿಲು ಒಡೆದಿದ್ದರು. ಅಕ್ಕ ಕುರ್ಚಿಯ ಬುಡದಲ್ಲಿ ಬಿದ್ದಿದ್ದಳು. ಮೇಜಿನ ಮೇಲೆ ಫೋನು ಚಾರ್ಜಿಗಿತ್ತು. ಹೆಣೆಯುವವರಿಗೆ ಅನುಕೂಲವಾಗಲೆಂದು ಪರದೆ ಆರದಂತೆ ಮಾಡಿದ್ದ ಆ್ಯಪ್ ಇನ್ನೂ ಬೆಳಗುತ್ತಲೇ ಇತ್ತು.

"ಲಕ್ವ ಹೊಡೆದು ಸೋಮವಾರ ಬಿದ್ದಿರಬೇಕು. ಜೀವ ಹೋಗಿದ್ದು ನಿನ್ನೆ" ಎಂದರು ಡಾಕ್ಟರು. "ಬುಧವಾರ ತಂದಿದ್ರೂ ಉಳಿಸಬಹುದಿತ್ತೇನೋ."

"ಬುಧವಾರ ಫೋನ್ ನೋಡ್ತಿದ್ಳಲ್ಲ!" ಎಂದ ಅವನು.

"ಎಲ್ಲಿ ನೋಡ್ತಾರೆ? ಭಾನುವಾರದಿಂದ ನಮ್ಮ ಬಿಲ್ಡಿಂಗಲ್ಲಿ ನೆಟ್ಟೇ ಇರಲಿಲ್ಲ. ಬುಧವಾರ ಬಂತು" ಅಂದಳು ಪಕ್ಕದ ಮನೆಯಾಕೆ.

ಆಗ ಅವನಿಗೆ ಹೊಳೆಯಿತು. ನೆಟ್ ಇಲ್ಲದಾಗ ಆ್ಯಪ್ ಈ ಸುದ್ದಿಗಳನ್ನು ಫೋನಿನಲ್ಲೇ ಕೂಡಿಟ್ಟುಕೊಂಡು, ನೆಟ್ ಬಂದೊಡನೆ ಒಟ್ಟಿಗೆ ಕಳಿಸುತ್ತದೆ. ಹಾಗೆ ಬರೆದವನು ಅವನೇ. ತೆರೆದ ಹೊತ್ತನ್ನು ಬಿಟ್ಟು, ಸುದ್ದಿ ಡೇಟಾಬೇಸಿಗೆ ತಲುಪಿದ ಹೊತ್ತನ್ನೇ ದಾಖಲಿಸುವಂತೆ ಮಾಡಿದವನೂ ಅವನೇ. "ಜನರ ಫೋನಿನ ಗಡಿಯಾರ ನಂಬೋಕಾಗಲ್ಲ ರೀ" ಎಂದು ಮೀಟಿಂಗಿನಲ್ಲಿ ಜಂಭದಿಂದ ವಾದಿಸಿ ಗೆದ್ದಿದ್ದ. ಅವನು ಬುಧವಾರ ಕಂಡದ್ದು ಸೋಮವಾರದ ಅಕ್ಕನನ್ನು.

ಮಣ್ಣು ಮಾಡಿ ಬಂದ ಮೇಲೆ ಆಫೀಸಿಗೆ ಹೋಗಿ ಎರಡೂ ಹೊತ್ತುಗಳು ದಾಖಲಾಗುವಂತೆ ತಿದ್ದಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಕೇಳಬಾರದೆಂದು ಇಷ್ಟು ದಿನ ತಡೆದುಕೊಂಡಿದ್ದಳು.

"ಅವತ್ತು ಚಪ್ಪಲಿ ಹಾಕ್ಕೊಂಡವರು ಯಾಕೆ ವಾಪಸ್ ಬಂದ್ರಿ?"

"ಚೆನ್ನಾಗಿದಾಳೆ ಅಂತ ಗೊತ್ತಾಯ್ತು."

"ಯಾರು ಹೇಳಿದ್ರು?"

ಅವನು ಹೊಸ್ತಿಲ ಮೇಲೆ ಕುಸಿದು ಕೂತ.

"ನಾನೇ" ಅಂದ.