ಏರದ ಎದೆಬಡಿತ

ಎದೆಯ ಕೂದಲು ಬೋಳಿಸದೆ ಇಸಿಜಿ ತಂತಿಯ ಸ್ಟಿಕ್ಕರ್ ಸರಿಯಾಗಿ ಕೂರುವುದಿಲ್ಲ. ಹೃದಯ ವಿಭಾಗದ ಟ್ರೆಡ್‌ಮಿಲ್ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದ ಟೆಕ್ನಿಷಿಯನ್ನನ ಕೈ ಆ ಬೆಳಿಗ್ಗೆ ಬೇಕೆಂದೇ ಸ್ವಲ್ಪ ಒರಟಾಯಿತು. ಅಂಗಿ ಬಿಚ್ಚಿ ಎದುರಿಗೆ ಕೂತಿದ್ದವರು ಅವನ ಮಾವ, ಹೆಂಡತಿಯ ಅಪ್ಪ.

“ಸ್ವಲ್ಪ ನಿಧಾನ! ಕೂದಲು ತೆಗಿ ಅಂದ್ರೆ ಚರ್ಮಾನೇ ಸುಲೀತಿದ್ದೀಯಲ್ಲ.”

ಮಾವ ಮೂವತ್ತು ವರ್ಷದಿಂದ ಶಾಲಾ ಬಸ್ಸಿನ ಡ್ರೈವರ್. ಐವತ್ತೆಂಟು ತುಂಬಿದ ಮೇಲೆ ಹೃದಯ ಗಟ್ಟಿಯಿದೆ ಎಂಬ ರಿಪೋರ್ಟ್ ತಂದರಷ್ಟೇ ಬಸ್ಸು, ಇಲ್ಲದಿದ್ದರೆ ಕೀಲಿಕೈ ವಾಪಸ್ಸು ಕೊಡಿ ಎಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಬಸ್ಸು ಹೋದರೆ ಮಾವನಿಗೆ ಉಳಿಯುವುದು ಬಾಯಿ ಮಾತ್ರ. ಆ ಬಾಯಿಯ ರುಚಿ ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗಿ ಎಂಟು ವರ್ಷ, ನೆಂಟರೆದುರು ಅವನಿಗೆ ಇದ್ದದ್ದು ಒಂದೇ ಹೆಸರು: ‘ನಮ್ಮ ಸ್ಟಿಕ್ಕರ್ ಅಳಿಯ’. ಎಲ್ಲರೂ ನಗುತ್ತಿದ್ದರು. ಅವನೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದ.

“ಮಾತ್ರೆ ಏನಾದ್ರೂ ತಗೊಂಡಿದ್ದೀರಾ?” ಎಂದು ಕೇಳಿದ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಬಿಪಿಯ ಕೆಲವು ಮಾತ್ರೆಗಳು ಹೃದಯದ ಓಟಕ್ಕೆ ಕಡಿವಾಣ ಹಾಕುತ್ತವೆ. ಅವನ್ನು ನುಂಗಿ ಬಂದರೆ ಪರೀಕ್ಷೆ ಪರೀಕ್ಷೆಯೇ ಅಲ್ಲ.

“ಮಾತ್ರೆ ನುಂಗೋದು ನಿನ್ನಂಥ ಪುಕ್ಕಲರು,” ಎಂದರು ಮಾವ. ಎರಡು ವರ್ಷದಿಂದ ಬಿಪಿಗೆ ಅಂಥದೇ ಮಾತ್ರೆ ನುಂಗುತ್ತಿದ್ದ ಅಳಿಯ ಅವರನ್ನು ಟ್ರೆಡ್‌ಮಿಲ್ ಹತ್ತಿಸಿದ. ಬೆಲ್ಟ್ ಶುರು ಮಾಡಿದ.

ಮಾವನ ವಯಸ್ಸಿಗೆ ಎದೆಬಡಿತ ನೂರ ಮೂವತ್ತೆಂಟು ಮುಟ್ಟಬೇಕು. ಮೂರು ನಿಮಿಷಕ್ಕೊಮ್ಮೆ ಬೆಲ್ಟಿನ ವೇಗ, ಏರು ಎರಡೂ ಹೆಚ್ಚುತ್ತವೆ. ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಮಾವ ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದರು. ಪರದೆಯ ಮೇಲಿನ ಅಂಕಿ ಮಾತ್ರ ನೂರ ನಾಲ್ಕರಲ್ಲಿ ಬೇರು ಬಿಟ್ಟು ನಿಂತಿತ್ತು.

ಅವನು ಬೆಲ್ಟ್ ನಿಲ್ಲಿಸಿದ. “ಯಾವ ಮಾತ್ರೆ?”

“ನಿನ್ನದೇ.” ಕಂಬಿ ಹಿಡಿದು ಸುಧಾರಿಸಿಕೊಳ್ಳುತ್ತಲೇ ಮಾವ ಮೀಸೆಯಡಿ ನಕ್ಕರು. “ನಿನ್ನ ಡಬ್ಬಿಯಿಂದ ಎರಡು ತೆಗೆದು ನಿನ್ನ ಹೆಂಡತೀನೇ ಕೊಟ್ಟಳು. ನಮ್ಮ ಡ್ರೈವರುಗಳೆಲ್ಲ ಮಾಡೋದು ಹೀಗೇ. ನೋಡು, ಎದೆ ಎಷ್ಟು ತಣ್ಣಗಿದೆ!”

ಡ್ರೈವರುಗಳಿಗೆ ಯಾರು ಈ ಬುದ್ಧಿ ಹೇಳಿಕೊಟ್ಟರೋ. ಎದೆ ಶಾಂತವಾಗಿದ್ದರೆ ಪಾಸು ಎಂದು ಅವರ ಲೆಕ್ಕ. ಯಂತ್ರಕ್ಕೆ ಬೇಕಾದದ್ದು ಓಡುವ ಎದೆ. ಓಡಿದರೆ ತಾನೇ ಹುಳುಕು ಕಾಣುವುದು!

ಹೊರಗೆ ಕಾಯುತ್ತಿದ್ದ ಹೆಂಡತಿ ಬಾಗಿಲು ತಳ್ಳಿ ಒಳಗೆ ಬಂದಳು. ಕೇಳಿಸಿಕೊಂಡಿದ್ದಳು.

“ಗುರಿ ಮುಟ್ಟಿತು ಅಂತ ಬರೆದುಬಿಡಿ. ಡಾಕ್ಟರು ನೀವು ಕೊಟ್ಟಿದ್ದಕ್ಕೆ ಸಹಿ ಹಾಕ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಬಸ್ಸಿಲ್ಲದೆ ಅಪ್ಪ ಉಳಿಯಲ್ಲ.”

“ಅವನ ಕಾಲಿಗೆ ನೀನ್ಯಾಕೆ ಬೀಳ್ತೀಯ?” ಮಾವ ಗದರಿದರು. “ಸ್ಟಿಕ್ಕರ್ ಅಂಟಿಸೋನಿಗೆ ಇಷ್ಟು ಪೊಗರಾ? ಬರೆಯೋ!”

ಬಸ್ಸಿನಲ್ಲಿ ಕೂರುವ ನಲವತ್ತು ಮಕ್ಕಳ ನೆನಪು ಅವನಿಗೆ ಆಗ ಬರಬೇಕಿತ್ತು. ಬರಲಿಲ್ಲ. ಮಾವನ ರಕ್ತನಾಳಗಳ ಚಿಂತೆಯೂ ಬರಲಿಲ್ಲ. ಎಂಟು ವರ್ಷ ನುಂಗಿದ್ದೆಲ್ಲ ಗಂಟಲಿಗೆ ಬಂತು. ಆಹಾ, ಕೊನೆಗೂ ಸಿಕ್ಕಿಬಿದ್ದೆಯಲ್ಲ ಮುದುಕ ಎಂದು ಅವನ ಹೊಟ್ಟೆ ತಣ್ಣಗಾಯಿತು. ‘ಮಾತ್ರೆ ನುಂಗಿ ಬಂದಿದ್ದಾರೆ, ಪರೀಕ್ಷೆ ಅಪೂರ್ಣ, ಮತ್ತೆ ಮಾಡಬೇಕು’ ಎಂದು ನಗುತ್ತಲೇ ದಪ್ಪಕ್ಷರದಲ್ಲಿ ಬರೆದು, ಪಕ್ಕದ ಕೋಣೆಯಲ್ಲಿ ಎಕೋ ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರ ಕೈಗೆ ತಾನೇ ಒಯ್ದು ಕೊಟ್ಟ.

ಮೂರು ದಿನ ಬಿಟ್ಟು ಡಾಕ್ಟರ ಎದುರಿನಲ್ಲೇ ಮಾವ ಮತ್ತೆ ಬೆಲ್ಟ್ ಹತ್ತಿದರು. ನಾಲ್ಕನೆಯ ನಿಮಿಷಕ್ಕೆ ಪರದೆಯ ಗೆರೆ ಕುಸಿಯಿತು, ಮಾವ ದವಡೆ ಹಿಡಿದುಕೊಂಡು ಕುಕ್ಕರಿಸಿದರು. ಅದೇ ಮಧ್ಯಾಹ್ನ ಆಂಜಿಯೋಗ್ರಾಮ್ ಆಯಿತು. ಮೂರು ನಾಳಗಳೂ ಕಟ್ಟಿಕೊಂಡಿದ್ದವು. ಆ ವಾರವೇ ಬೈಪಾಸ್ ಮಾಡಿದರು. ಶಾಲೆಯವರು ಬಸ್ಸಿನ ಕೀಲಿಕೈಯನ್ನು ಇನ್ನೊಬ್ಬನಿಗೆ ಕೊಟ್ಟರು.

ನೆಂಟರ ಬಾಯಲ್ಲಿ ಈಗ ಅವನು ದೇವರಂಥ ಅಳಿಯ. “ನೀನಿಲ್ಲದಿದ್ದರೆ ನಡುರಸ್ತೆಯಲ್ಲಿ, ಮಕ್ಕಳ ಸಮೇತ...” ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೆಂಡತಿ ಕ್ಷಮೆ ಕೇಳಿದಳು. ಹೊಗಳಿಕೆಯೆಲ್ಲವನ್ನೂ ಅವನು ತಲೆ ತಗ್ಗಿಸಿ ತೆಗೆದುಕೊಂಡ. ತಗ್ಗಿಸಿದ ತಲೆಯನ್ನು ಎಲ್ಲರೂ ವಿನಯ ಎಂದುಕೊಂಡರು.

ಡಿಸ್ಚಾರ್ಜ್ ದಿನ ಅವನು ಗಾಲಿಕುರ್ಚಿ ತಂದ. ಹೆಂಡತಿ ಹಿಡಿದುಕೊಂಡು ಮಾವನನ್ನು ಮೆಲ್ಲಗೆ ಕೂರಿಸಿದಳು. “ಅಪ್ಪ, ಇವರಿಗೆ ಒಂದು ಒಳ್ಳೇ ಮಾತು ಹೇಳು. ನಿನ್ನ ಜೀವ ಉಳಿಸಿದ್ದಾರೆ.”

ಮಾವ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡಿದರು. ದನಿ ಸೋತಿತ್ತು, ಕಣ್ಣು ಸೋತಿರಲಿಲ್ಲ.

“ನಾನು ಸಾಯ್ತೀನಿ ಅಂತ ಇವನಿಗೆ ಆವತ್ತು ಗೊತ್ತಿರಲಿಲ್ಲ ಕಣಮ್ಮ. ನನ್ನ ಬಸ್ಸು ಹೋಗುತ್ತೆ ಅನ್ನೋದಷ್ಟೇ ಗೊತ್ತಿದ್ದದ್ದು. ಬರೆಯೋವಾಗ ನಗ್ತಿದ್ದ. ಬೇಕಿದ್ರೆ ಕೇಳು.”

ಅವಳು ಕೇಳಲಿಲ್ಲ. ಗಂಡ ಇಲ್ಲ ಎನ್ನಲಿ ಎಂದು ಅವನ ಮುಖ ನೋಡುತ್ತಾ ನಿಂತಳು. ಅವನು ಬಗ್ಗಿ ಗಾಲಿಯ ಬ್ರೇಕ್ ತೆಗೆದ. ಲಿಫ್ಟಿನವರೆಗೂ ತಳ್ಳಿಕೊಂಡು ಹೋದ. ಅವಳು ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಬಂದಳು. ಲಿಫ್ಟಿನೊಳಗೆ ಬಂದದ್ದೇ ಕುರ್ಚಿಯ ಹಿಡಿಯಿಂದ ಅವನ ಕೈ ಬಿಡಿಸಿ, “ನೀವು ಕೆಲಸಕ್ಕೆ ಹೋಗಿ,” ಎಂದಳು.