ಮದುವೆ ಕಾರಿಗೆ ಸ್ನಾನ

ನಮ್ಮನೆಯವರಿಗೆ ಇಬ್ಬರು ಹೆಣ್ಣುಮಕ್ಕಳು ಅಂತ ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಒಬ್ಬಳು ನಾನು ಹೆತ್ತ ಪೇ-ಯುನ್. ಇನ್ನೊಬ್ಬಳು, ಅವಳು ಹುಟ್ಟಿದ ವರ್ಷವೇ ಮನೆಗೆ ಬಂದ ಬಿಳಿ ಕಾರು. ಹೆತ್ತವಳಿಗೆ ಜ್ವರ ಬಂದರೆ "ಗಂಜಿ ಕುಡಿಸು, ಹೋಗತ್ತೆ" ಅನ್ನುವ ಈ ಮನುಷ್ಯ, ಕಾರು ಒಂದು ಸಲ ಕೆಮ್ಮಿದರೆ ಅನ್ನ ಬಿಟ್ಟು ಏಳುತ್ತಾರೆ.

ಆ ಕಾರಿನ ಏಸಿಯೋ, ಹೆಸರಿಗೆ ಮಾತ್ರ ಏಸಿ. ಓಡುವಾಗ ಪರವಾಗಿಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಉಸಿರು ಬಿಡುತ್ತಿತ್ತು. ನಮ್ಮ ತೈನಾನ್ ಊರಿನ ಬಿಸಿಲಲ್ಲಿ ಅದೊಂದು ಬೇರೆ ಬೇಕಿತ್ತು ನಮಗೆ! ಮಗಳು ಚಿಕ್ಕವಳಿದ್ದಾಗ, ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಇವರು ಕಾರು ನಿಲ್ಲಿಸಿ, ಬಾಟಲಿ ನೀರನ್ನೆಲ್ಲ ಮುಂದಿನ ಜಾಲರಿಯೊಳಕ್ಕೆ ಸುರಿಯೋರು. ಅದರ ಹಿಂದೆಯೇ ಕಂಡೆನ್ಸರ್ ಇರುವುದು. ಕಾರಿನೊಳಗಿನ ಸೆಕೆಯನ್ನು ಹೊರಗೆ ದಬ್ಬುವುದು ಅದರ ಕೆಲಸವಂತೆ. ಅದಕ್ಕೇ ಸೆಕೆಯಾದರೆ ಮುಗೀತು, ಯಾರಿಗೂ ತಂಪಿಲ್ಲ. "ಕಾರಿಗೆ ಸ್ನಾನ! ಕಾರಿಗೆ ಸ್ನಾನ!" ಅಂತ ಪೇ-ಯುನ್ ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದಳು. ಆಮೇಲೆ ಸ್ವಲ್ಪ ದೂರ ತಣ್ಣಗೆ ಹೋಗುತ್ತಿದ್ದೆವು. ಕುಡಿಯೋಕೆ ಮಾತ್ರ ತೊಟ್ಟು ನೀರಿರುತ್ತಿರಲಿಲ್ಲ.

ಪೇ-ಯುನ್‌ಗೆ ಚಿಯಾಯಿ ಊರಿನ ಚುನ್-ಹಾವ್ ಜೊತೆ ಮದುವೆ ಗೊತ್ತಾಯಿತು. ಶುಭಕಾರ್ಯ ಮಾಡಬಾರದ ಭೂತಗಳ ತಿಂಗಳು ಬರುವುದರೊಳಗೆ ಮುಗಿಸಬೇಕು ಅಂತ ಗಂಡಿನ ಕಡೆಯವರು ಸುಡು ಬೇಸಿಗೆಯಲ್ಲೇ ದಿನ ಇಟ್ಟರು. ಹುಡುಗಿಯನ್ನು ಕರೆದೊಯ್ಯೋಕೆ ಕಾರುಗಳನ್ನು ತರುವವರೂ ಅವರೇ. ಆದರೆ ಇವಳು ಊಟಕ್ಕೆ ಕೂತಾಗ ಅಂದಳು: "ನಾನು ಅಪ್ಪನ ಕಾರಲ್ಲೇ ಹೋಗೋದು. ಚುನ್-ಹಾವ್ ಓಡಿಸ್ತಾರೆ."

ಇವರ ಚಾಪ್‌ಸ್ಟಿಕ್ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

"ಆದ್ರೆ ಅಪ್ಪ, ನನ್ನ ಮುಖಕ್ಕೆ ಬಳಿದ ಬಣ್ಣ ಚಿಯಾಯಿ ತಲುಪೋ ತನಕ ಮುಖದ ಮೇಲೇ ಇರ್ಬೇಕು. ಇಲ್ದಿದ್ರೆ ಅವರಮ್ಮ ಹುಡುಗಿ ಬದಲಾಗಿದಾಳೆ ಅಂದ್ಕೋತಾರೆ. ಏಸಿ ಸರಿ ಹೋಗದಿದ್ರೆ ನಾನು ಅವರ ಕಾರಲ್ಲೇ ಹೋಗ್ತೀನಿ, ಬೇಜಾರು ಮಾಡ್ಕೋಬಾರ್ದು."

ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಮನುಷ್ಯ ಬಾನೆಟ್ಟಿನೊಳಗೆ ಸೇರಿಕೊಂಡರು. ನಾನು ಮಾರ್ಕೆಟ್ಟಿನಲ್ಲಿ ಬಟ್ಟಲ ಕಡುಬು ಮಾರಿ ಮನೆಗೆ ಬಂದರೆ ಇವರ ಬೆನ್ನಷ್ಟೇ ಕಾಣುತ್ತಿತ್ತು.

"ಇಲ್ನೋಡೇ," ಅಂತ ಒಂದಿನ ಕರೆದರು. "ಹಳೇ ಕಂಡೆನ್ಸರ್ ಅಂದ್ರೆ ಬಗ್ಗಿಸಿದ ಒಂದು ಕೊಳವೆ, ಅಷ್ಟೆ. ಇದು ಹೊಸ ನಮೂನೆ. ಚಪ್ಪಟೆ ನಾಳಗಳು, ಒಂದರ ಪಕ್ಕ ಒಂದು ಒತ್ತೊತ್ತಾಗಿ. ಗಾಳಿ ತಾಗೋ ಜಾಗ ಎಷ್ಟು ಜಾಸ್ತಿ ನೋಡು!"

"ಕೂರುತ್ತೇನ್ರೀ ಅದು ಅಲ್ಲಿ?"

"ಕೂರಲ್ಲ. ಕೂರಿಸ್ತೀನಿ. ಬ್ರಾಕೆಟ್ ಮಾಡ್ಸಿದೀನಿ. ಮುಂದೆ ಇನ್ನೊಂದು ಫ್ಯಾನೂ ಇಡ್ತೀನಿ."

"ನನ್ನ ಮೊಣಕಾಲಿಗೂ ಒಂದು ಹೊಸದು ಹಾಕ್ಸಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ."

"ಅದಕ್ಕೆ ಬ್ರಾಕೆಟ್ ಸಿಗಲ್ವೇ."

ನಗು ಬಂತು, ಸಿಟ್ಟೂ ಬಂತು. "ಒಂದು ದಿನದ ಸವಾರಿಗೆ ಯಾಕ್ರೀ ಇಷ್ಟು ಒದ್ದಾಡ್ತೀರಿ?"

ತಲೆ ಹೊರಗೆ ತೆಗೆಯದೆ ಅಂದರು: "ಅವಳ ಜೊತೆ ನಾವು ಹೋಗೋ ಶಾಸ್ತ್ರ ಇಲ್ವಲ್ಲ. ನನ್ನ ಕಡೆಯಿಂದ ತಣ್ಣನೆ ಗಾಳಿನಾದ್ರೂ ಹೋಗ್ಲಿ."

ಬೆವರು ಒರೆಸಿಕೊಳ್ಳೋಕೆ ನನ್ನ ಹೆಗಲ ಮೇಲಿನ ಟವೆಲ್ಲನ್ನೇ ಅವರ ಕೈಗೆ ಕೊಟ್ಟೆ.

ಏಸಿಗೆ ಗ್ಯಾಸ್ ತುಂಬಿಸಿಕೊಂಡು ಬಂದ ದಿನ ನನ್ನನ್ನೇ ಮೊದಲು ಕೂರಿಸಿದರು. ನಟ್ಟ ನಡು ಮಧ್ಯಾಹ್ನ, ಸಿಗ್ನಲ್ಲಿನಲ್ಲಿ ನಿಂತ ಕಾರಿನಲ್ಲಿ ನಾನು ಟವೆಲ್ ಹೊದ್ದು ನಡುಗಿದೆ. ಇವರು ಹಿಗ್ಗಿ ಹೀರೇಕಾಯಾದರು.

ಮದುವೆಯ ಬೆಳಿಗ್ಗೆ ಇವರ ಅಕ್ಕ ಬಾವ್-ಚು ಬಂದಿಳಿದರು. ಶಾಸ್ತ್ರದಲ್ಲಿ ಒಂದು ಕೂದಲೆಳೆ ತಪ್ಪಿದರೂ ಬಿಡದ ಹೆಂಗಸು. ಮೊರದಗಲದ ಕೆಂಪು ರೇಷ್ಮೆ ಹೂವನ್ನು ತಂದು ಕಾರಿನ ಮುಂಭಾಗಕ್ಕೆ ಕಟ್ಟಿ, ಎರಡೂ ಕಡೆಗೆ ಅಗಲವಾದ ಪಟ್ಟಿ ಎಳೆದರು. ಇಷ್ಟು ದಿನ ಗಾಳಿ, ಗಾಳಿ ಅಂತ ಜಪ ಮಾಡಿದ ನಮ್ಮನೆಯವರೇ ಮುಂದೆ ಬಂದು ಪಟ್ಟಿಯನ್ನು ಇನ್ನೂ ಬಿಗಿದು, "ಎಷ್ಟು ಲಕ್ಷಣವಾಗಿದೆ!" ಅಂತ ಕಣ್ಣು ಒರೆಸಿಕೊಂಡರು. ಜಾಲರಿ ಒಂದು ಚೂರೂ ಕಾಣುತ್ತಿರಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹುಡುಗಿ ಕೂರುವಾಗ ತಂಪಾಗಿರಲಿ ಅಂತ ಕಾರನ್ನು ಆಗಲೇ ಚಾಲೂ ಮಾಡಿಟ್ಟಿದ್ದರು. ಒಳಗೆ ಮಗಳು ನಮ್ಮ ಕಾಲಿಗೆ ಬಿದ್ದಳು, ಅತ್ತಳು, ನಾವೂ ಅತ್ತೆವು. ಆಮೇಲೆ ಬಾವ್-ಚು ಅಕ್ಕ ನನ್ನ ಕೈಗೆ ನೀರಿನ ಬೋಗುಣಿ ಕೊಟ್ಟರು. "ಕಾರು ಹೊರಟ ತಕ್ಷಣ ಹಿಂದುಗಡೆ ಎರಚ್ಬೇಕು. ಕೊಟ್ಟ ಮಗಳು ಚೆಲ್ಲಿದ ನೀರು. ತಿರುಗಿ ಬರಬಾರ್ದು." ನನ್ನಮ್ಮನೂ ನನಗೆ ಹೀಗೇ ಎರಚಿದ್ದಳು. ಆದರೂ ಹೊರಗೆ ಬಂದವಳೇ ಆ ಬೋಗುಣಿಯನ್ನು ಕಾರಿನ ಪಕ್ಕ ನೆಲಕ್ಕಿಟ್ಟುಬಿಟ್ಟೆ.

ಪೇ-ಯುನ್ ಕಾರಿನಲ್ಲಿ ಕೂತಳು. ಕೂತವಳೇ ಕಿಟಕಿ ಇಳಿಸಿದಳು.

"ಅಪ್ಪ! ಒಲೆ ಒಳಗೆ ಕೂತಂಗಿದೆ!"

ಹಣೆಯಿಂದ ಬಣ್ಣ ಇಳಿಯೋಕೆ ಶುರುವಾಗಿತ್ತು. ಚುನ್-ಹಾವ್ ಗುಂಡಿಗಳನ್ನೆಲ್ಲ ಒತ್ತಿ, "ಬಿಸಿ ಗಾಳಿ ಬರ್ತಿದೆ ಮಾವ," ಅಂದ. ಅವನ ಸೋದರಮಾವ ಹಿಂದಿನ ಕಾರಿಂದ ಇಳಿದು, "ನಮ್ಮದು ತಣ್ಣಗಿದೆ, ಇದರಲ್ಲಿ ಬಂದ್ಬಿಡಮ್ಮ," ಅಂದರು. "ಹತ್ತಿದ ಮದುಮಗಳು ಇಳೀಬಾರ್ದು!" ಅಂತ ಬಾವ್-ಚು ಅಕ್ಕ ಕೂಗಿದರು. "ಮುಹೂರ್ತ ಬೇರೆ ಮೀರ್ತಿದೆ!"

ಮಗಳು ಬೀಸಣಿಗೆಯಿಂದ ಪಟಪಟ ಗಾಳಿ ಹಾಕಿಕೊಳ್ಳುತ್ತಿದ್ದಳು. ಕಾರು ಹೊರಟ ಮೇಲೆ ಅದನ್ನು ಕಿಟಕಿಯಿಂದ ಎಸೆಯಬೇಕು, ತವರಿನ ಕೋಪತಾಪ ಇಲ್ಲೇ ಬಿಟ್ಟುಹೋದಳು ಅಂತ ಶಾಸ್ತ್ರ. "ಕೋಪ ಬೇಕಾದ್ರೆ ಎಸೀತೀನಿ ಅತ್ತೆ, ಬೀಸಣಿಗೆ ಎಸೆಯಲ್ಲ!" ಅಂದಳು.

ಎಲ್ಲರೂ ನಕ್ಕರು. ನಮ್ಮನೆಯವರು ನಗಲಿಲ್ಲ. ಹೊಸ ಬಟ್ಟೆಯಲ್ಲಿ, ಖಾಲಿ ಕೈಯಲ್ಲಿ, ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. ಇಳಿಯೋಕೆ ಹೇಳಬೇಕು ಅಂತ ಬಾಗಿಲ ಹಿಡಿಗೆ ಕೈ ಹಾಕಿದರು, ಮತ್ತೆ ತೆಗೆದರು. ಆ ಮುಖ ನೋಡಲಾಗದೆ ಕಾರಿನ ಕಡೆ ತಿರುಗಿದೆ, ಆ ದೊಡ್ಡ ಕೆಂಪು ಹೂವು ಕಾಣಿಸಿತು.

"ರೀ! ಮೂಗು ಮುಚ್ಚಿಟ್ಟು ಉಸಿರಾಡು ಅಂದ್ರೆ ಅದು ಹೆಂಗೆ ಉಸಿರಾಡತ್ತೆ?"

ಅವರಿಗೆ ತಕ್ಷಣ ಅರ್ಥವಾಯಿತು. ಹಣೆ ಬಡಿದುಕೊಂಡು ಗಂಟಿಗೆ ಕೈ ಹಾಕಿದರು.

"ಕಟ್ಟಿದ್ದನ್ನ ಬಿಚ್ಚಬಾರ್ದು!" ಅಂದರು ಅಕ್ಕ.

"ಬಿಚ್ಚಲ್ಲ ಅಕ್ಕ, ಮೇಲಕ್ಕೆ ಸರಿಸ್ತೀವಿ," ಅಂತ ನಾನೂ ಅವರೂ ಹೂವನ್ನು ಬಾನೆಟ್ಟಿನ ಮೇಲಕ್ಕೆ ಜರುಗಿಸಿದೆವು. ಜಾಲರಿಯಿಂದ ಕಾವು ರಪ್ಪನೆ ಮುಖಕ್ಕೆ ಹೊಡೆಯಿತು. ಅದು ತಾನಾಗಿ ಆರುವ ತನಕ ಮುಹೂರ್ತ ಕಾಯುತ್ತದೆಯೇ? ಬೋಗುಣಿ ಎತ್ತಿದೆ. ಅಷ್ಟೂ ನೀರನ್ನು ಜಾಲರಿಯೊಳಕ್ಕೆ ಎರಚಿದೆ. ಚುಂಯ್ ಅಂತ ಹಬೆ ಎದ್ದಿತು.

"ಅಯ್ಯಯ್ಯೋ, ಹಿಂದಕ್ಕೆ ಎರಚೋದನ್ನ ಮುಂದಕ್ಕೆ ಎರಚಿದ್ಯಲ್ಲೇ! ಮಗಳು ತಿರುಗಿ ಮನೆಗೆ ಬಂದ್ಬಿಡ್ತಾಳೆ!"

"ಬರ್ಲಿ ಬಿಡಿ ಅಕ್ಕ!" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಪಟಾಕಿ ಹಚ್ಚುವವನೂ ತಿರುಗಿ ನೋಡಿದ.

ಒಳಗಿನಿಂದ ಪೇ-ಯುನ್ ಅಳುತ್ತಲೇ ಕೂಗಿದಳು: "ಕಾರಿಗೆ ಸ್ನಾನ!"

ಕಾರು ಹೊರಟಿತು. ತಣ್ಣಗಾಯಿತೋ ಇಲ್ಲವೋ ನಮಗೆ ಗೊತ್ತಾಗುವ ಹಾಗಿರಲಿಲ್ಲ. ನಮ್ಮನೆಯವರು ರಸ್ತೆ ಮಧ್ಯೆ ನಿಂತು ಕತ್ತು ಉದ್ದ ಮಾಡಿದರು. ಹಣ್ಣಿನಂಗಡಿ ತಿರುವಿನ ತನಕ ಕಿಟಕಿಯಲ್ಲಿ ಬೀಸಣಿಗೆ ಆಡುತ್ತಲೇ ಇತ್ತು. ಆಮೇಲೆ ನಿಂತಿತು. ಆಮೇಲೆ ಹಾರಿ ಬಂದು ರಸ್ತೆಗೆ ಬಿತ್ತು, ಕಿಟಕಿಯ ಗಾಜು ಮೇಲೇರಿತು.

ಈ ಮನುಷ್ಯ ಓಡಿದ್ದನ್ನು ನಾನು ನೋಡಿದ್ದೇ ಆವತ್ತು. ಬೀಸಣಿಗೆ ಎತ್ತಿಕೊಂಡು ಬಂದು, "ತಣ್ಣಗಾಯ್ತು ಕಣೇ," ಅಂದರು.

"ಹೌದ್ರೀ, ಅದಕ್ಕೇ ನಿಮ್ಮ ಮೂಗು ಸೋರ್ತಿದೆ."

ಬಾವ್-ಚು ಅಕ್ಕ ಖಾಲಿ ಬೋಗುಣಿ ಹಿಡಿದು ನಿಂತಿದ್ದರು. "ಹಿಂದಕ್ಕೆ ಎರಚಲೇ ಇಲ್ವಲ್ಲ. ಇನ್ನೊಂದು ಸಲ ತುಂಬಿಸ್ಲಾ?"

"ನೀರಿಲ್ಲ ಅಕ್ಕ," ಅಂದೆ.

ನಲ್ಲಿ ಅವರ ಪಕ್ಕದಲ್ಲೇ ಇತ್ತು. ಅಕ್ಕ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಬೋಗುಣಿಯನ್ನು ಗೋಡೆಯ ಪಕ್ಕ ಬೋರಲು ಹಾಕಿ ಒಳಗೆ ಹೋದರು.