ಓ ಗುಂಪಿನವರು ಬಿಟ್ಟುಕೊಟ್ಟ ಟೋಕನ್

ಬಸ್ ಡಿಪೋದಲ್ಲಿ ತಪಾಸಣೆ ಎಂದರೆ ಅದು ಬಸ್ಸಿಗೆ. ಬ್ರೇಕು, ಆಯಿಲು, ಟೈರಿನ ಗಾಳಿ ದಿನಾ ನೋಡುತ್ತಾರೆ. ಓಡಿಸುವವನ ಎದೆ ನೋಡುವುದು ವರ್ಷಕ್ಕೊಮ್ಮೆ. ಅದಕ್ಕೂ ಇಡೀ ಡಿಪೋಗೆ ಇಪ್ಪತ್ತೇ ಟೋಕನ್. ಹಾಗಾಗಿ ಡಿಪೋದವರು ತಾವೇ ಒಂದು ರೂಢಿ ಮಾಡಿಕೊಂಡಿದ್ದರು. ಐಡಿ ಕಾರ್ಡಿನ ಮೇಲೆ ರಕ್ತದ ಗುಂಪು ಅಚ್ಚಾಗಿರುತ್ತದಲ್ಲ, 'ಓ' ಗುಂಪಿನವರು ತಮ್ಮ ಟೋಕನ್ನನ್ನು ಬೇರೆಯವರಿಗೆ ಬಿಟ್ಟುಕೊಡುವುದು. "ಓ ಗುಂಪಿನವರಿಗೆ ಹಾರ್ಟ್ ಕಾಯಿಲೆ ಬರಲ್ವಂತೆ" ಎಂದು ಯಾರೋ ಮೊಬೈಲಿನಲ್ಲಿ ಓದಿ ಹೇಳಿದ್ದರು.

ಹಿರಿಯ ಡ್ರೈವರೊಬ್ಬ ಎರಡು ವರ್ಷ ತನ್ನ ಟೋಕನ್ನನ್ನು 'ಎ' ಗುಂಪಿನ ಕಂಡಕ್ಟರನಿಗೆ ಕೊಟ್ಟ. "ತಗೋಳಯ್ಯ, ನಂದು ಗಟ್ಟಿ ಇಂಜಿನ್ನು" ಎಂದು ನಕ್ಕಿದ್ದ. ಮೂರನೆಯ ವರ್ಷ, ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಮುನ್ನ ಸ್ಟೇರಿಂಗ್ ಮೇಲೆ ತಲೆಯಿಟ್ಟವನು ಮತ್ತೆ ಏಳಲಿಲ್ಲ.

ಅವನು ಹೋಗಿ ತಿಂಗಳಾದ ಮೇಲೆ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸಮ್ಮ ಅವನ ಮನೆಯವರನ್ನು ನೋಡಲು ಬಂದರು. ಅವನ ಹೆಂಡತಿ, ಡಿಪೋಗೆ ವಾಪಸ್ ಕೊಡಬೇಕಿದ್ದ ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದಳು. ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವಳ ಮೈದುನ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕುಸಿದ.

"ಎರಡು ಮಹಡಿ ಹತ್ತೋಕೆ ಎಷ್ಟು ಸಲ ನಿಂತೆ?" ಅತ್ತಿಗೆ ಕೇಳಿದಳು.

"ಅದನ್ನೂ ಎಣಿಸ್ತೀರಾ ಅತ್ತಿಗೆ?"

"ಮೂರು ಸಲ. ನಿನ್ನ ಚಪ್ಪಲಿ ಸದ್ದು ನಂಗೆ ಕೇಳುತ್ತೆ."

"ಗ್ಯಾಸು, ಅಷ್ಟೇ."

"ನಿಮ್ಮಣ್ಣನೂ ಗ್ಯಾಸು ಅಂತಾನೇ ಅಂದ್ರು."

ನರ್ಸಮ್ಮ ಅವನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.

"ಎಲ್ಲಿ ನೋಯುತ್ತಪ್ಪ?" ಎಂದರು ನರ್ಸಮ್ಮ.

"ಎದೆ ಹಿಡಿದ ಹಾಗಾಗುತ್ತೆ. ದವಡೆವರೆಗೂ ಎಳೆಯುತ್ತೆ. ಕೂತ್ರೆ ಹೋಗುತ್ತೆ. ನಂದೂ ಓ ಗುಂಪೇ ಸಿಸ್ಟರ್. ಅಣ್ಣಂದು ಏನೋ ಹಣೆಬರಹ. ಇಲ್ಲಾಂದ್ರೆ ಮೊಬೈಲಲ್ಲಿ ಓದಿದ್ದೆಲ್ಲ ಸುಳ್ಳಾ?"

"ಪೂರ್ತಿ ಸುಳ್ಳಾಗಿದ್ರೆ ಒಳ್ಳೇದಿತ್ತು, ಯಾರೂ ನಂಬ್ತಿರಲಿಲ್ಲ. ಸಾವಿರಾರು ಜನರನ್ನ ನೋಡಿದಾಗ, ಓ ಗುಂಪಿನವರಲ್ಲಿ ಹಾರ್ಟ್ ತೊಂದರೆ, ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಕಮ್ಮಿ ಅಂತ ಕಂಡಿದೆ. ಸ್ವಲ್ಪ ಮಾತ್ರ. ಅದೇ ಓ ಗುಂಪಿನವರಿಗೆ ಹೊಟ್ಟೆ ಹುಣ್ಣು ಸ್ವಲ್ಪ ಜಾಸ್ತಿ. ಬರೋದೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಟೈರು ಹೊಸದು ಅಂತ ಬ್ರೇಕ್ ನೋಡದೆ ಬಸ್ ಬಿಡ್ತೀಯಾ?"

"ಬಿಟ್ರೆ ಮ್ಯಾನೇಜರ್ ನನ್ನ ಸುಮ್ನೆ ಬಿಡ್ತಾರಾ?"

"ಸಿಗರೇಟು ದಿನಕ್ಕೆ ಎಷ್ಟು?"

"ಒಂದು ಪ್ಯಾಕು."

"ಬಿಪಿ ಯಾವಾಗ ನೋಡಿಸಿದ್ದು?"

"ಕೆಲಸಕ್ಕೆ ಸೇರಿದಾಗ."

"ರಕ್ತದ ಗುಂಪಿಗಿಂತ ಇವು ಎಷ್ಟೋ ಪಾಲು ದೊಡ್ಡವು ಕಣಪ್ಪ. ಒಡಹುಟ್ಟಿದವನು ಬೇರೆ ಹೀಗೆ ಹೋಗಿದ್ದಾನೆ. ಈಗಲೇ ಆಸ್ಪತ್ರೆಗೆ ನಡಿ."

"ನಾಳೆ ಶಿಫ್ಟ್ ಮುಗಿಸಿ..."

ಅತ್ತಿಗೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. "ನಾಳೆ ಅನ್ನಬೇಡ. ಇನ್ನೊಂದು ಯೂನಿಫಾರಂ ಇಸ್ತ್ರಿ ಮಾಡೋ ಶಕ್ತಿ ನಂಗಿಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡ. ನರ್ಸಮ್ಮ ಆಂಬುಲೆನ್ಸಿಗೆ ಫೋನ್ ಮಾಡಿದರು.

ಹೃದಯದ ಎರಡು ರಕ್ತನಾಳ ಕಿರಿದಾಗಿವೆ ಎಂದರು ಡಾಕ್ಟರು. ಜೀವ ಉಳಿಯಿತು. ಆದರೆ ಇನ್ನು ಮೇಲೆ ಗೇರ್‌ಬಾಕ್ಸ್ ಎತ್ತುವ ಕೆಲಸ ಅವನಿಂದಾಗದು. ಮಾತ್ರೆ ಬಿಡುವಂತಿಲ್ಲ, ಸಿಗರೇಟು ಮುಟ್ಟುವಂತಿಲ್ಲ. ಅವನು ಎಲ್ಲದಕ್ಕೂ ಹೂಂ ಎಂದ.

ಹೊರಗಿನ ಬೆಂಚಿನಲ್ಲಿ ಅತ್ತಿಗೆ ನರ್ಸಮ್ಮನ ಪಕ್ಕ ಕೂತಳು. ಆಮೇಲೆ, "ಇಸಿಜಿ ತೆಗೆಯೋಕೆ ಹತ್ತು ನಿಮಿಷ ಹಿಡೀತು ಸಿಸ್ಟರ್. ಹತ್ತೇ ನಿಮಿಷ" ಎಂದಳು. ಯಾರನ್ನು ನೆನೆದು ಹೇಳಿದಳೆಂದು ನರ್ಸಮ್ಮನಿಗೆ ಗೊತ್ತಿತ್ತು. ಅವರು ಅವಳ ಕೈ ಹಿಡಿದುಕೊಂಡರು, ಅಷ್ಟೇ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ರಕ್ತದ ಗುಂಪು ಯಾವುದೆಂದು ತಿಳಿದಿಟ್ಟುಕೊಳ್ಳಿ. ರಕ್ತ ಕೊಡುವಾಗ, ಪಡೆಯುವಾಗ ಅದು ಬೇಕಾಗುತ್ತದೆ. ಆದರೆ 'ಓ' ಎಂಬ ಧೈರ್ಯದಲ್ಲಿ ತಪಾಸಣೆ ತಪ್ಪಿಸಬೇಡಿ, 'ಎ' ಅಥವಾ 'ಬಿ' ಎಂದು ಹೆದರಿ ಕೂರಲೂ ಬೇಡಿ. ಮೂವತ್ತು ದಾಟಿದ್ದರೆ ಬಿಪಿ, ಸಕ್ಕರೆ ಅಂಶ ನೋಡಿಸಿ. ಎದೆ ಹಿಡಿದರೆ, ನೋವು ತೋಳಿಗೋ ದವಡೆಗೋ ಏರಿದರೆ, ಅದು ಗ್ಯಾಸೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ಡಾಕ್ಟರಿಗೆ ಬಿಡಿ. ತಕ್ಷಣ ಹೋಗಿ. ಹಟ ಮಾಡುವವರು ಮನೆಯಲ್ಲಿದ್ದರೆ ಕೈ ಹಿಡಿದು ಕರೆದುಕೊಂಡು ಹೋಗಿ. ಬೈದರೆ ಬೈಯಲಿ, ಬೈಯುವುದಕ್ಕಾದರೂ ಅವರು ಇರುತ್ತಾರೆ.